ಮೂರು ಹೊತ್ತಿನ ನೀರು

ಸಾರಕ್ಕಿ
14 ಜೂನ್ 2025

ಶಾಲಿನಿ,

ಫೋನ್ ಮಾಡಬೇಡಿ ಎಂದು ಹೇಳಿ ಹೋದೆ. ಕಾಗದ ಬರೆಯಬೇಡಿ ಎಂದು ಹೇಳಲಿಲ್ಲ. ಅದನ್ನೇ ಹಿಡಿದುಕೊಂಡು ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಬಿಟ್ಟ ಕೈ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಸ್ಟಾಂಪು ತರಲು ಹೋದರೆ ಅಂಚೆ ಕಚೇರಿಯ ಹುಡುಗಿ, "ಗೊಟ್ಟಿಗೆರೆಗಾ ಆಂಟಿ? ಬಸ್ಸಲ್ಲಿ ಮುಕ್ಕಾಲು ಗಂಟೆ, ಇದ್ರಲ್ಲಿ ನಾಲ್ಕು ದಿನ ಆಗುತ್ತೆ. ವಾಟ್ಸಾಪ್ ಇಲ್ವಾ ನಿಮ್ಮತ್ರ?" ಎಂದಳು. ಇದೆಯಮ್ಮ, ಸೊಸೆ ಬೇಡ ಅಂದಿದ್ದಾಳೆ ಎಂದು ಅವಳಿಗೆ ಹೇಳಲಾಗುತ್ತದೆಯೇ? ಸ್ಟಾಂಪು ತೆಗೆದುಕೊಂಡು ಬಂದೆ.

ವಿಷಯ ಗಿಡದ್ದು. ಜನವರಿಯಲ್ಲಿ ಲಾಲ್‌ಬಾಗಿನ ಹೂವಿನ ಶೋಗೆ ಹೋದಾಗ ನೀನೂ ಶಿವರಾಜನೂ ತಂದಿರಲ್ಲ, ತಾವರೆಯ ಹಾಗೆ ಸುತ್ತಲೂ ದಪ್ಪ ಎಲೆ ಇರುವುದು. ನೀನು ಸಕ್ಯುಲೆಂಟ್ ಎನ್ನುತ್ತಿದ್ದೆ, ನಿನ್ನ ಮಾವ ಕಳ್ಳಿ ಎನ್ನುತ್ತಾರೆ. ಅಕ್ಕನ ಮನೆಯಲ್ಲಿ ಹದಿನೈದು ದಿನ ಇದ್ದು ಬರುತ್ತೇನೆ ಎಂದು ಹೋದವಳು ನೀನು. ಇವತ್ತಿಗೆ ಇಪ್ಪತ್ತಮೂರು. ನೀನು ಹೋದ ಹತ್ತನೇ ದಿನಕ್ಕೆ ಆ ಗಿಡದ ಕೆಳಗಿನ ಸುತ್ತಿನ ಎಲೆಗಳು ಜೋತು ಬಿದ್ದವು.

ನನ್ನ ಕೈಗೆ ಗೊತ್ತಿರುವುದು ಒಂದೇ ಕೆಲಸ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಜಮೀನು ಲೇಔಟ್ ಆಗುವವರೆಗೆ ಇಪ್ಪತ್ತು ವರ್ಷ ಕೆರೆ ಕೆಳಗೆ ಸೊಪ್ಪು ಬೆಳೆದವರು ನಾವು. ದಂಟು, ಮೆಂತ್ಯ, ಸಬ್ಬಸಿಗೆ. ಮಧ್ಯಾಹ್ನದ ಬಿಸಿಲಿಗೆ ಎಲೆ ತಲೆ ಬಗ್ಗಿಸಿದರೆ ನೀರು ಕೊಡು, ಸಂಜೆಗೆ ಎದ್ದು ನಿಲ್ಲುತ್ತದೆ. ಕಿತ್ತು ಕಟ್ಟು ಕಟ್ಟಿ ಮಾರ್ಕೆಟ್ಟಿಗೆ ಹೊರಟಾಗಲೂ ಮೇಲೆ ನೀರು ಚಿಮುಕಿಸು. ಇದಕ್ಕೂ ಹಾಗೇ ಮಾಡಿದೆ. ಎದ್ದು ನಿಲ್ಲುವುದಿರಲಿ, ಇನ್ನೊಂದು ಸುತ್ತು ಜೋತು ಬಿತ್ತು. ಮತ್ತೆ ಹಾಕಿದೆ, ಮತ್ತೊಂದು ಸುತ್ತು. ತಲೆ ಕೆಟ್ಟು ಹೋಗಿದೆ ನನಗೆ.

ಅಡಿಗೆಮನೆ ಕಿಟಕಿಯಲ್ಲಿ ಒಂಟಿಯಾಯಿತೇನೋ ಎಂದು ಮೆಟ್ಟಿಲ ತಿರುವಿನ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಅಲ್ಲಾದರೆ ಹೋಗಿ ಬರುವವರು ಕಾಣುತ್ತಾರೆ. ಅದಕ್ಕೆ ನಿನ್ನ ಮಾವ, "ಅಲ್ಲಿಟ್ರೆ ಮೆಟ್ಲು ಹತ್ತೋರ ದೃಷ್ಟಿಯೆಲ್ಲ ಅದ್ಕೇ ತಾಕುತ್ತೆ ಕಣೆ," ಎಂದು ಕುಂಡಕ್ಕೆ ಕಪ್ಪು ದಾರ ಕಟ್ಟಿದರು. ದಾರ ಕಟ್ಟಿದ ಮೇಲೂ ಹಾಗೇ ಇದೆ.

ಏನು ಮಾಡಲಿ, ಬರೆ. ಬೇರೆ ಏನೂ ಬರೆಯಲು ಮನಸ್ಸಿಲ್ಲದಿದ್ದರೆ ಗಿಡದ ವಿಷಯ ಮಾತ್ರ ಬರೆ.

ನಿನ್ನ ಅತ್ತೆ,
ಅಕ್ಕಯಮ್ಮ


ಗೊಟ್ಟಿಗೆರೆ
21 ಜೂನ್ 2025

ಅತ್ತೆಯವರಿಗೆ,

ನಿಮ್ಮ ಕಾಗದ ಬಂತು. ಶೃತಿ ಅಕ್ಕ ಯಾವುದೋ ಮದುವೆ ಪತ್ರಿಕೆ ಎಂದುಕೊಂಡು ತಂದುಕೊಟ್ಟಳು. ಗಿಡದ ವಿಷಯ ಮಾತ್ರ ಬರೆಯುತ್ತೇನೆ.

ಆ ಗಿಡ ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ನೀರು ಕಮ್ಮಿಯಾದರೂ ಎಲೆ ಜೋಲುತ್ತದೆ, ಹೆಚ್ಚಾದರೂ ಜೋಲುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ಮುಟ್ಟಿದರೆ ಮಾತ್ರ ಗೊತ್ತಾಗುತ್ತದೆ. ಎಲೆ ತೆಳ್ಳಗಾಗಿ ಸುಕ್ಕುಗಟ್ಟಿದ್ದರೆ ಅದಕ್ಕೆ ಬಾಯಾರಿಕೆ. ಮೆತ್ತಗಾಗಿ, ಹಳದಿ ತಿರುಗಿ, ಬೆಳಕಿಗೆ ಹಿಡಿದಾಗ ಆಚೆ ಬದಿ ಕಾಣುವಂತಿದ್ದರೆ ನೀರು ಹೆಚ್ಚಾಗಿ ಬೇರು ಕೊಳೆಯುತ್ತಿದೆ ಎಂದು ಅರ್ಥ. ಮುಟ್ಟಿ ನೋಡಿ ಬರೆಯಿರಿ.

ಇನ್ನೊಂದು. ತೆಂಗಿನ ಪೊರಕೆಯ ಒಂದು ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಎರಡು ನಿಮಿಷ ಬಿಟ್ಟು ಎಳೆಯಿರಿ. ಹಸಿ ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿ. ಮೆಟ್ಟಿಲ ತಿರುವಿನಲ್ಲಿ ಬಿಸಿಲು ಬೀಳುವುದಿಲ್ಲ, ಅದೂ ಒಂದು ತೊಂದರೆ. ನೀವು ಮತ್ತೆ ಬರೆದು ನಾನು ಉತ್ತರ ಕೊಡುವವರೆಗೆ ದಯವಿಟ್ಟು ಒಂದು ಹನಿ ನೀರೂ ಹಾಕಬೇಡಿ.

ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತಿದ್ದೇನೆ. ನೀವು ಅದನ್ನು ಕೇಳಬಾರದೆಂದು ತಡೆದುಕೊಂಡು ಬರೆದಿದ್ದೀರಿ ಎಂದು ಗೊತ್ತಾಯಿತು.

ಶಾಲಿನಿ


ಸಾರಕ್ಕಿ
30 ಜೂನ್ 2025

ಶಾಲಿನಿ,

ಮುಟ್ಟಿದೆ. ಮೆತ್ತಗಿದೆ, ನೀರಲ್ಲಿ ನೆನೆಸಿದ ಒಣದ್ರಾಕ್ಷಿಯ ಹಾಗೆ. ಎರಡು ಎಲೆ ಮುಟ್ಟಿದ್ದಕ್ಕೇ ಕೈಗೆ ಬಂದುಬಿಟ್ಟವು. ಬೆಳಕಿಗೆ ಹಿಡಿದರೆ ನನ್ನ ಬೆರಳು ಆಚೆಯಿಂದ ಕಾಣಿಸಿತು. ನಡುವಿನ ಸುತ್ತು ಮಾತ್ರ ಇನ್ನೂ ಗಟ್ಟಿಯಾಗಿದೆ. ಅಂದರೆ ನೀರು ಹೆಚ್ಚಾಗಿದೆ, ಒಪ್ಪಿದೆ.

ಆದರೆ ನನಗೆ ಅರ್ಥವಾಗದ್ದು ಇದು. ನಿನ್ನ ಕಾಗದ ಬಂದ ದಿನವೇ ನೀರು ನಿಲ್ಲಿಸಿದೆ. ತಟ್ಟೆಯ ನೀರು ಚೆಲ್ಲಿದೆ. ಮಾರನೇ ದಿನ ನೋಡಿದರೆ ತಟ್ಟೆ ತುಂಬಿದೆ. ಕಡ್ಡಿ ಚುಚ್ಚಿದರೆ ಕೆಸರು. ಮತ್ತೆ ಚೆಲ್ಲಿದೆ, ಮತ್ತೆ ತುಂಬಿದೆ. ಇವತ್ತಿಗೆ ಆರು ದಿನ. ಹಾಕದ ನೀರು ಎಲ್ಲಿಂದ ಬರುತ್ತದೆ?

ಮೇಲಿನ ಟ್ಯಾಂಕಿನಿಂದ ಗೋಡೆಯೊಳಗೆ ಇಳಿಯುತ್ತಿದೆಯೇನೋ ಎಂದು ಶಿವರಾಜನನ್ನು ಕರೆದೆ. ಪೈಪು, ನಲ್ಲಿ ಮಾರುವ ಅಂಗಡಿಯವನು, ಅವನಿಗೆ ಗೊತ್ತಾಗದೆ ಇನ್ನಾರಿಗೆ? ಅಂಗಡಿ ಬಿಟ್ಟು ಬಂದು ಗೋಡೆ ಉದ್ದಕ್ಕೂ ತಟ್ಟಿ ನೋಡಿ, "ಲೀಕ್ ಏನಿಲ್ಲಮ್ಮ, ಗೋಡೆ ಒಣಗಿದೆ," ಎಂದು ಹೋದ. ನಿನ್ನ ಮಾವನನ್ನು ಕೇಳಿದರೆ "ಕಳ್ಳಿ ಬೆವರುತ್ತೆ ಕಣೆ, ಮಳೆಗಾಲ ಅಲ್ವಾ," ಎಂದರು. ಗಿಡ ತಟ್ಟೆ ತುಂಬ ಬೆವರುವುದನ್ನು ನಾನಂತೂ ಕಂಡಿಲ್ಲ. ಎದುರು ಮನೆಯವರು ಬೇರೆ ಬಂದು, ಸೊಸೆ ಮುನಿಸಿಕೊಂಡು ಹೋದ ಮನೆಯಲ್ಲಿ ಹೀಗಾಗುವುದುಂಟು ಎಂದರು. ಅವರಿಗೆ ಕಾಫಿ ಕೊಡದೆ ಕಳಿಸಿದೆ.

ಶಿವರಾಜ ಹೇಗಿದ್ದಾನೆ ಎಂದು ನೀನು ಕೇಳಲಿಲ್ಲ, ಆದ್ದರಿಂದ ನಾನೂ ಬರೆಯುವುದಿಲ್ಲ.

ಅಕ್ಕಯಮ್ಮ


ಸಾರಕ್ಕಿ
6 ಜುಲೈ 2025

ಶಾಲಿನಿ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಕಳ್ಳ ಸಿಕ್ಕಿದ. ಒಬ್ಬನಲ್ಲ, ಮೂವರು. ಅದರಲ್ಲಿ ನಾನೂ ಒಬ್ಬಳು.

ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇರುವ ಭಾಗ್ಯಜ್ಯೋತಿ ಗೊತ್ತಲ್ಲ, ಗದಗದ ಕಡೆಯವಳು, ಬಿಟಿಎಮ್ಮಿಗೆ ಆಫೀಸಿಗೆ ಹೋಗುವವಳು. ನಿನ್ನೆ ಬೆಳಿಗ್ಗೆ ಮೆಟ್ಟಿಲಲ್ಲಿ ನಿಂತು, "ಅಮ್ಮಾರ, ಒಂದ ಮಾತ ಹೇಳ್ಲೇನ್ರಿ? ನೀವ ಸಿಟ್ಟಾಗಬಾರದು," ಎಂದಳು. ಹೇಳಮ್ಮ ಅಂದೆ. "ಮುಂಜಾನೆ ನಾ ಇಳಿಯೂಮುಂದ ನೀವ ಗಿಡಕ್ಕ ನೀರ ಹಾಕ್ತಿರ್ತೀರಿ. ಸಂಜೀಮುಂದ ಬರೂಮುಂದ ಯಜಮಾನ್ರು ತಂಬಿಗಿ ಹಿಡಕೊಂಡ ನಿಂತಿರ್ತಾರ. ಆಮ್ಯಾಲ ಊಟಕ್ಕ ಇಳದ್ರ ಶಿವರಾಜಣ್ಣಾರು ಬಾಟ್ಲೀಲೆ ಸುರೀತಿರ್ತಾರ. ಒಂದ ಸಣ್ಣ ಗಿಡಕ್ಕ ಅಷ್ಟ ನೀರ ಯಾಕ್ರೀ?" ಎಂದಳು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ನೀರು ನಿಲ್ಲಿಸಿದೆ ಎಂದು ನಿನಗೆ ಬರೆದದ್ದು ಪೂರ್ತಿ ನಿಜವಲ್ಲ. ಒಂದು ಲೋಟ ಹಾಕುತ್ತಿದ್ದೆ, ಅದನ್ನು ನಿಲ್ಲಿಸಿದ್ದೆ. ಅರ್ಧ ಲೋಟ ಹಾಕುತ್ತಿದ್ದೆ. ಬರಿಗೈಯಲ್ಲಿ ಆ ಗಿಡದ ಮುಂದೆ ಹಾದು ಹೋಗಲು ನನ್ನಿಂದಾಗುವುದಿಲ್ಲ.

ನಿನ್ನೆ ಅವರಿಬ್ಬರನ್ನೂ ಕೂರಿಸಿ ಕೇಳಿದೆ. ನಿನ್ನ ಮಾವ, "ನಿನಗೆ ಈಗೀಗ ಮರೆವು, ಅದಕ್ಕೇ ನಾನು ಹಾಕ್ತಿದ್ದೆ," ಎಂದು ನನ್ನ ಮೇಲೇ ಹೊರಿಸಿದರು. ಗೋಡೆಯೆಲ್ಲ ತಟ್ಟಿ ಲೀಕ್ ಇಲ್ಲ ಎಂದಿದ್ದ ದೊಡ್ಡ ಮನುಷ್ಯ ತಲೆ ಎತ್ತಲಿಲ್ಲ. ಆಮೇಲೆ ಹೇಳಿದ, "ಅವಳು ಬಂದು ನೋಡಿದಾಗ ಒಣಗಿಹೋಗಿರಬಾರದು ಅಂತ ಅಮ್ಮ." ಫೆಬ್ರವರಿಯಿಂದ ಈಚೆಗೆ ಮೂವರೂ ಒಂದು ಕಡೆ ಕೂತದ್ದು ಅದೇ ಮೊದಲು.

ಈಗ ಏನು ಮಾಡಲಿ?

ಅಕ್ಕಯಮ್ಮ


ಗೊಟ್ಟಿಗೆರೆ
15 ಜುಲೈ 2025

ಅತ್ತೆಯವರಿಗೆ,

ಎರಡೂ ಕಾಗದ ಓದಿದೆ. ಮೊದಲು ನಗು ಬಂತು, ಆಮೇಲೆ ಅಳು ಬಂತು, ಯಾವುದಕ್ಕೆ ಯಾವುದು ಎಂದು ನನಗೂ ಗೊತ್ತಾಗಲಿಲ್ಲ.

ಗಿಡ ಉಳಿಯಬೇಕಾದರೆ ಅದನ್ನು ಕುಂಡದಿಂದ ತೆಗೆಯಬೇಕು. ಕುಂಡ ಓರೆ ಮಾಡಿ, ಬುಡ ಹಿಡಿದು ಮೆಲ್ಲಗೆ ಎಳೆಯಿರಿ. ಮಣ್ಣು ಉದುರಿಸಿ ಬೇರು ನೋಡಿ. ಬೆಳ್ಳಗೆ ಗಟ್ಟಿಯಾಗಿರುವ ಬೇರು ಇರಲಿ. ಕಂದು ಬಣ್ಣಕ್ಕೆ ತಿರುಗಿ ಲೋಳೆಯಾದದ್ದನ್ನೆಲ್ಲ ಹೊಸ ಬ್ಲೇಡಿನಿಂದ ಕತ್ತರಿಸಿ. ಮೆತ್ತಗಾದ ಎಲೆಗಳನ್ನೂ ತೆಗೆಯಿರಿ. ಆಮೇಲೆ ನೆರಳಲ್ಲಿ ಪೇಪರಿನ ಮೇಲೆ ನಾಲ್ಕು ದಿನ ಹಾಗೇ ಬಿಡಿ, ಕತ್ತರಿಸಿದ ಜಾಗ ಒಣಗಬೇಕು. ಐದನೇ ದಿನ ತೂತಿರುವ ಮಣ್ಣಿನ ಕುಂಡದಲ್ಲಿ ಒಂದು ಪಾಲು ಮಣ್ಣು, ಎರಡು ಪಾಲು ದಪ್ಪ ಮರಳು ಮತ್ತು ಇಟ್ಟಿಗೆ ಚೂರು ಹಾಕಿ ನೆಡಿ. ಕೆಳಗೆ ತಟ್ಟೆ ಬೇಡ. ಬೆಳಗಿನ ಬಿಸಿಲು ಬೀಳುವ ಕಡೆ ಇಡಿ. ಒಂದು ವಾರ ನೀರು ಬೇಡ.

ಇನ್ನು ನಾನೇ ಹಾಕಿಕೊಂಡ ನಿಯಮ ಮುರಿದು ಬರೆಯುತ್ತೇನೆ. ನೀವು ಫೆಬ್ರವರಿ ಎಂದು ಬರೆದಿರಿ. ಅದಕ್ಕಿಂತ ಮುಂದೆ ಹೋಗಲಿಲ್ಲ. ಆ ಮನೆಯಲ್ಲಿ ಯಾರೂ ಹೋಗುವುದಿಲ್ಲ.

ಏಳನೇ ತಿಂಗಳಲ್ಲಿ ರಕ್ತ ಹೋಗಿ, ನನಗೆ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದರು. ಮಾರನೇ ದಿನ ಎಚ್ಚರವಾದಾಗ ಮಗು ಇಲ್ಲ, ಮಣ್ಣು ಮಾಡಿಯೂ ಆಗಿದೆ ಎಂದರು. ಡಿಸ್ಚಾರ್ಜ್ ಹಾಳೆಯಲ್ಲಿ ಹೆಣ್ಣು, ಒಂದು ಕೆಜಿ ಇನ್ನೂರು ಗ್ರಾಂ ಎಂದಿದೆ. ನನ್ನ ಮಗಳ ಬಗ್ಗೆ ನನಗೆ ಗೊತ್ತಿರುವುದು ಅಷ್ಟೇ. ಏಳು ತಿಂಗಳು ಹೊತ್ತವಳು ನಾನು. ನೋಡಿದವರು ನೀವು.

ನಾನು ಕೇಳಿದೆ ಅತ್ತೆ. ಶಿವರಾಜ್ ಅವರನ್ನು ಮೂರು ಸಲ ಕೇಳಿದೆ, ಮಗು ಹೇಗಿತ್ತು ಅಂತ. ಮೂರು ಸಲವೂ ಎದ್ದು ಹೋಗಿ ಎಳನೀರು ತಂದರು. ನಿಮ್ಮನ್ನು ಕೇಳಿದೆ, ದಾಳಿಂಬೆ ಬಿಡಿಸಿ ತಂದಿರಿ. ಮಾವ ಟಿವಿ ಜೋರು ಮಾಡಿದರು. ಎಲ್ಲರೂ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡಿರಿ, ಇಲ್ಲ ಅನ್ನುವುದಿಲ್ಲ. ಆದರೆ ಉತ್ತರ ಯಾರೂ ಕೊಡಲಿಲ್ಲ. ಅದಕ್ಕೇ ಬಂದೆ. ಮುನಿಸಿಕೊಂಡು ಬರಲಿಲ್ಲ. ಆ ಮನೆಯಲ್ಲಿ ನನ್ನ ಮಗಳು ಹುಟ್ಟೇ ಇರಲಿಲ್ಲವೇನೋ ಅನ್ನಿಸಲು ಶುರುವಾಗಿತ್ತು, ಅದನ್ನು ತಡೆಯಲಾಗಲಿಲ್ಲ.

ಅವಳು ಹೇಗಿದ್ದಳು?

ಶಾಲಿನಿ


ಸಾರಕ್ಕಿ
24 ಜುಲೈ 2025

ಶಾಲಿನಿ,

ನೀನು ಹೇಳಿದಂತೆ ಎಲ್ಲ ಮಾಡಿದೆ. ಬೇರು ಅರ್ಧಕ್ಕರ್ಧ ಕಪ್ಪಾಗಿ ಮೋರಿಯ ವಾಸನೆ ಹೊಡೆಯುತ್ತಿತ್ತು. ಶಿವರಾಜ ಹೊಸ ಬ್ಲೇಡು ತಂದುಕೊಟ್ಟ, ನಾನೇ ಕತ್ತರಿಸಿದೆ. ಹನ್ನೊಂದು ಎಲೆ ಹೋದವು, ಏಳು ಉಳಿದವು. ನಾಲ್ಕು ದಿನ ಪೇಪರಿನ ಮೇಲೆ ಮಲಗಿಸಿದ್ದೆ. ಬೇರು ಕಿತ್ತ ಸೊಪ್ಪು ನೀರಿಲ್ಲದೆ ಮಧ್ಯಾಹ್ನದೊಳಗೆ ಬಾಡಿ ಬತ್ತಿ ಹೋಗುತ್ತದೆ. ಇದು ನಾಲ್ಕು ದಿನ ಮಣ್ಣಿಲ್ಲದೆ, ನೀರಿಲ್ಲದೆ ಬಿದ್ದಿದ್ದು ಇನ್ನಷ್ಟು ಗಟ್ಟಿಯಾಯಿತು. ಇದು ಯಾವ ಜಾತಿಯ ಗಿಡವೋ, ನನ್ನ ಬುದ್ಧಿಗೆ ನಿಲುಕಲಿಲ್ಲ. ನಿನ್ನೆ ಹೊಸ ಕುಂಡದಲ್ಲಿ ನೆಟ್ಟು, ಮಹಡಿಯ ಪೂರ್ವದ ಕಡೆ ಸಜ್ಜೆಯ ಕೆಳಗೆ ಇಟ್ಟಿದ್ದೇನೆ. ಮೂವರಿಗೂ ಅದನ್ನು ಮುಟ್ಟಬಾರದೆಂದು ಕಟ್ಟು ಮಾಡಿದ್ದೇನೆ, ನನ್ನನ್ನೂ ಸೇರಿಸಿ.

ನೀನು ಕೇಳಿದ ಇನ್ನೊಂದು ವಿಷಯ. ಎರಡು ಸಲ ಬರೆಯಲು ಕೂತೆ, ಕೈ ಬರಲಿಲ್ಲ. ಉಸಿರಿಲ್ಲದೆ ಹುಟ್ಟಿದ ಕೂಸಿನ ಮುಖವನ್ನು ನೋಡಿದವರು ತಾಯಿಗೆ ಹೇಳಬಾರದು, ಹೇಳಿದರೆ ಅದೇ ಕೂಸು ಮತ್ತೆ ಅದೇ ಹೊಟ್ಟೆಗೆ ಬಂದು ಮತ್ತೆ ಹಾಗೇ ಹೋಗುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಈ ಮನೆಯಲ್ಲಿ ಹಾಗೇ ನಡೆದುಕೊಂಡು ಬಂದಿದೆ. ನಾನು ಹೇಳಿ, ನಾಳೆ ನಿನಗೆ ಏನಾದರೂ ಆದರೆ ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ. ಹೆದರಿಕೆ ನನಗೆ. ಇದಕ್ಕಿಂತ ಬೇರೆ ಕಾರಣ ಇಲ್ಲ.

ಒಂದು ಮಾತು ಮಾತ್ರ ಅರ್ಥವಾಯಿತು. ನಾವು ಹಣ್ಣು, ಹಾಲು, ಎಳನೀರು ಎಂದು ನಿನ್ನ ಮೇಲೆ ಸುರಿದೆವು. ಇನ್ನು ನಿನಗೆ ತೊಂದರೆ ಕೊಡುವುದಿಲ್ಲ. ಶಿವರಾಜನಿಗೂ ಭಾನುವಾರ ಅಲ್ಲಿಗೆ ಹಣ್ಣಿನ ಚೀಲ ಹಿಡಿದು ಹೋಗಬೇಡ ಎಂದಿದ್ದೇನೆ. ನಾನೂ ಬರೆಯುವುದಿಲ್ಲ. ನೀನು ನೆಮ್ಮದಿಯಾಗಿರು.

ಅಕ್ಕಯಮ್ಮ


ಗೊಟ್ಟಿಗೆರೆ
28 ಸೆಪ್ಟೆಂಬರ್ 2025

ಅತ್ತೆಯವರಿಗೆ,

ಎರಡು ತಿಂಗಳಾಯಿತು. ಮೊದಲು ಕೋಪದಲ್ಲಿದ್ದೆ. ಆಮೇಲೆ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲಲು ಶುರು ಮಾಡಿದೆ. ಇವತ್ತು ನನ್ನ ಮೇಲೇ ಕೋಪ ಬಂದು ಬರೆಯುತ್ತಿದ್ದೇನೆ. ಗಿಡಕ್ಕೆ ಒಂದು ವಾರ ನೀರು ಹಾಕಬೇಡಿ ಎಂದು ಬರೆದಿದ್ದೆ. ನನ್ನ ಜೊತೆ ಮಾತು ಬಿಡಿ ಎಂದು ಬರೆದಿರಲಿಲ್ಲ. ಶಿವರಾಜ್ ಭಾನುವಾರ ಬಂದು ಚೀಲ ಕೊಟ್ಟು, ಏನೂ ಮಾತಾಡದೆ ಹೋಗುತ್ತಿದ್ದರು. ಅದು ಬೇಡ ಎಂದು ನಾನು ಯಾವತ್ತೂ ಅಂದಿರಲಿಲ್ಲ. ನೀವೇ ತೀರ್ಮಾನ ಮಾಡಿಬಿಟ್ಟಿರಿ.

ನನಗೆ ಏನು ಬೇಕು ಎಂದು ನನಗೂ ಸರಿಯಾಗಿ ಗೊತ್ತಿಲ್ಲ, ಅದು ನಿಜ. ಎಲ್ಲರೂ ಸುತ್ತ ನಿಂತರೆ ಉಸಿರು ಕಟ್ಟುತ್ತದೆ. ಎಲ್ಲರೂ ಸುಮ್ಮನಾದರೆ ಎದೆ ಒಡೆಯುತ್ತದೆ. ಆದರೆ ಒಂದು ವಿಷಯ ನನಗೆ ಬೇಕು, ಅದು ಏನೆಂದು ನಿಮಗೆ ಗೊತ್ತು. ನೀವು ಹೆದರಿಕೆ ಎಂದು ಬರೆದಿರಿ. ನಾನು ಅದನ್ನು ಓದಿ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟೆ, ಆಗಲಿಲ್ಲ.

ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಅಲ್ಲೇ ಹತ್ತಿರ ಒಂದು ರೂಮು ನೋಡಿದ್ದೇನೆ. ದೀಪಾವಳಿ ಆದ ಮೇಲೆ ಹೇಳುತ್ತೇನೆ ಎಂದು ಅವರಿಗೆ ಹೇಳಿದ್ದೇನೆ. ಅಷ್ಟರಲ್ಲಿ ನನಗೆ ಗೊತ್ತಾಗಬೇಕು ಅತ್ತೆ, ಆ ಮನೆಯಲ್ಲಿ ನನ್ನ ಮಗಳ ಮಾತನ್ನು ನನ್ನ ಜೊತೆ ಆಡುವವರು ಒಬ್ಬರಾದರೂ ಇದ್ದಾರೆಯೇ ಎಂದು. ಇಲ್ಲದಿದ್ದರೆ ನಾನು ಅಲ್ಲಿಗೆ ಬಂದು ಬದುಕಲಾರೆ.

ಗಿಡ ಹೇಗಿದೆ? ವಾರದ ಮೇಲೆ ನೀರು ಹಾಕಿದಿರಿ ತಾನೆ?

ಶಾಲಿನಿ


ಸಾರಕ್ಕಿ
5 ಅಕ್ಟೋಬರ್ 2025

ಶಾಲಿನಿ,

ಹಾಕಲಿಲ್ಲ. ಒಂದು ಹನಿ ಹಾಕಲಿಲ್ಲ. ಹತ್ತು ವಾರ. ಸಜ್ಜೆಯ ಕೆಳಗೆ ಮಳೆಯೂ ಬೀಳುವುದಿಲ್ಲ. ನಿನ್ನ ಕಾಗದ ಓದಿ ಮಹಡಿಗೆ ಓಡಿ ಹೋಗಿ ನೋಡಿದರೆ, ಮತ್ತೆ ಅದೇ. ಜೋತು ಬಿದ್ದಿದೆ. ನೀರು ಹಾಕಿದರೂ ಜೋಲುತ್ತದೆ, ಹಾಕದಿದ್ದರೂ ಜೋಲುತ್ತದೆ, ನಾನು ಎಲ್ಲಿಗೆ ಹೋಗಿ ತಲೆ ಚಚ್ಚಿಕೊಳ್ಳಲಿ ಎಂದು ಅಲ್ಲೇ ಕೂತೆ. ಆಮೇಲೆ ನಿನ್ನ ಮೊದಲ ಕಾಗದ ನೆನಪಾಗಿ ಮುಟ್ಟಿ ನೋಡಿದೆ. ಈ ಸಲ ಮೆತ್ತಗಿಲ್ಲ. ತೆಳ್ಳಗಾಗಿ, ನನ್ನ ಕೈಯ ಚರ್ಮದ ಹಾಗೆ ಸುಕ್ಕುಗಟ್ಟಿದೆ. ಮುಟ್ಟದೆ ಎರಡೂವರೆ ತಿಂಗಳು ದೂರದಿಂದ ನೋಡಿ, ಸುಖವಾಗಿದೆ ಎಂದುಕೊಂಡಿದ್ದೆ. ನಿನ್ನನ್ನೂ ಹಾಗೇ ಅಂದುಕೊಂಡೆ. ತಪ್ಪಾಯಿತು.

ನಿನಗೆ ಇಲ್ಲಿಯವರೆಗೆ ಹೇಳದ ಒಂದು ವಿಷಯ ಹೇಳುತ್ತೇನೆ. ಶಿವರಾಜನಿಗಿಂತ ಮುಂಚೆ ನನಗೂ ಒಂದು ಹೋಯಿತು. ಎಂಟು ತಿಂಗಳು ತುಂಬಿತ್ತು, ಮೆಂತ್ಯ ಸೊಪ್ಪು ಕೀಳುತ್ತಿದ್ದಾಗ ನೋವು ಬಂತು. ನನಗೆ ತೋರಿಸಲಿಲ್ಲ. ನಿನ್ನ ಮಾವನೇ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಹನ್ನೊಂದನೇ ದಿನ ನಮ್ಮತ್ತೆ ನನ್ನನ್ನು ಸೊಪ್ಪಿನ ಪಾತಿಗೆ ಕಳಿಸಿದರು. ಅದಕ್ಕೇ ನಿನ್ನ ಕೈಗೆ ಒಂದು ಪೊರಕೆಯನ್ನೂ ಕೊಡಬಾರದು ಎಂದು ನಾನು ಹಟ ಹಿಡಿದದ್ದು. ನನಗೆ ಸಿಗದ್ದೆಲ್ಲ ನಿನಗೆ ಸಿಗಲಿ ಎಂದು ಮಾಡಿದೆ. ನಾನು ಕೇಳಬೇಕೆಂದಿದ್ದ ಒಂದು ಮಾತು ಮಾತ್ರ ನಿನಗೂ ಸಿಗದಂತೆ ಮಾಡಿದೆ.

ನಲವತ್ತೆರಡು ವರ್ಷ ನಾನು ನಿನ್ನ ಮಾವನನ್ನು ಕೇಳಿರಲಿಲ್ಲ. ನಿನ್ನ ಕಾಗದ ಬಂದ ದಿನ ಕೇಳಿದೆ. "ಅದೆಲ್ಲ ಈಗ ಯಾಕೆ, ನೆನಪಿಲ್ಲ ಹೋಗು," ಎಂದರು. ಮಾರನೇ ದಿನ ತಿಂಡಿ ತಿನ್ನುತ್ತಿದ್ದವರು ತಟ್ಟೆಯಲ್ಲಿ ಕೈಯಿಟ್ಟುಕೊಂಡೇ, "ಗಂಡು. ಬೆರಳು ಉದ್ದುದ್ದ ಇದ್ವು ಕಣೆ, ನಿಮ್ಮಪ್ಪನ ಥರ," ಎಂದರು. ಅಷ್ಟೇ. ಅಷ್ಟು ಹೇಳಲು ಅವರಿಗೆ ನಲವತ್ತೆರಡು ವರ್ಷ ಬೇಕಾಯಿತು. ನಾನು ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅತ್ತು ಆದ ಮೇಲೆ ಹಗುರಾಯಿತು, ಶಾಲಿನಿ. ಹೆದರಿಕೆಯಾಗಲಿಲ್ಲ. ಬೆರಳು ಉದ್ದ ಇದ್ದವು ಎಂದು ಈಗ ನನಗೆ ಗೊತ್ತು.

ನಮ್ಮತ್ತೆಯ ಮಾತು ನಿಜವೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ. ಆದರೆ ನಾನು ಹೇಳುತ್ತೇನೆ. ಬರೆಯಲೇ, ಎದುರು ಬಂದು ಹೇಳಲೇ? ನಿನಗೆ ಹೇಗೆ ಬೇಕೋ ಹಾಗೆ. ಈ ಸಲ ಕೇಳಿ ಮಾಡುತ್ತೇನೆ.

ಗಿಡಕ್ಕೆ ಎಷ್ಟು ನೀರು ಹಾಕಲಿ, ಅದನ್ನೂ ತಿಳಿಸು. ನಾನಾಗಿ ಏನೂ ಮಾಡುವುದಿಲ್ಲ.

ಅಕ್ಕಯಮ್ಮ


ಗೊಟ್ಟಿಗೆರೆ
10 ಅಕ್ಟೋಬರ್ 2025

ಅತ್ತೆ,

ಬರೆಯಿರಿ. ನಾನು ಒಬ್ಬಳೇ ಕೂತು, ಎಷ್ಟು ಸಲ ಬೇಕೋ ಅಷ್ಟು ಸಲ ಓದಬೇಕು. ಏನನ್ನೂ ಬಿಡಬೇಡಿ. ನನಗೆ ನೋವಾಗುತ್ತದೆ ಎಂದು ಮೆತ್ತಗೆ ಮಾಡಬೇಡಿ.

ನಿಮ್ಮ ಮಗನ ಬಗ್ಗೆ ಓದಿದೆ. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಗೊತ್ತಿರಲಿಲ್ಲ. ನಾನೂ ಕೇಳಿರಲಿಲ್ಲ.

ಕುಂಡವನ್ನು ಒಂದು ಬೇಸಿನ್ ನೀರಿನಲ್ಲಿ ಅರ್ಧ ಗಂಟೆ ಇಡಿ, ತೂತಿನಿಂದ ತಾನೇ ಎಳೆದುಕೊಳ್ಳುತ್ತದೆ. ತೆಗೆದು ನೀರು ಪೂರ್ತಿ ಸೋರಲು ಬಿಡಿ. ಆಮೇಲೆ ಕಡ್ಡಿ ಒಣಗಿ ಬಂದಾಗ ಮಾತ್ರ ಮತ್ತೆ. ಹನ್ನೆರಡು ಹದಿನೈದು ದಿನಕ್ಕೊಮ್ಮೆ ಬೇಕಾಗಬಹುದು. ದಿನ ಎಣಿಸಬೇಡಿ, ಮುಟ್ಟಿ ನೋಡಿ ಹಾಕಿ.

ಶಾಲಿನಿ


ಸಾರಕ್ಕಿ
16 ಅಕ್ಟೋಬರ್ 2025

ಶಾಲಿನಿ,

ಗಿಡದ್ದು ಮೊದಲೇ ಮುಗಿಸುತ್ತೇನೆ, ಆಮೇಲೆ ಬರೆಯಲಾಗುವುದಿಲ್ಲ. ನೀನು ಹೇಳಿದ ಹಾಗೆ ಬೇಸಿನ್ನಿನಲ್ಲಿ ಇಟ್ಟೆ. ಎರಡನೇ ದಿನಕ್ಕೆ ಎಲೆ ತುಂಬಿಕೊಂಡವು. ನಡುವೆ ಹೊಸದೊಂದು ಬರುತ್ತಿದೆ. ರೂಮಿನ ವಿಷಯ ನಿನಗೆ ಬಿಟ್ಟದ್ದು. ಬೇಕೆನಿಸಿದರೆ ತೆಗೆದುಕೋ, ಹಾಲು ಉಕ್ಕಿಸುವ ದಿನ ಕರೆದರೆ ಬರುತ್ತೇನೆ. ನಿನ್ನನ್ನು ಮನೆಗೆ ಕರೆಸಿಕೊಳ್ಳುವುದಕ್ಕೆ ಎಂದು ಇದನ್ನು ಬರೆಯುತ್ತಿಲ್ಲ.

ಫೆಬ್ರವರಿ ಹನ್ನೊಂದು, ಮಂಗಳವಾರ. ನಿನ್ನನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಗಂಟೆಯಾದ ಮೇಲೆ ನರ್ಸಮ್ಮ ಹಸಿರು ಬಟ್ಟೆಯಲ್ಲಿ ಸುತ್ತಿ ತಂದರು. ಶಿವರಾಜ ಕೈ ಚಾಚಿ ಹಿಂದಕ್ಕೆ ಎಳೆದುಕೊಂಡ. ನಾನು ಇಸಿದುಕೊಂಡೆ. ಇನ್ನೂ ಬೆಚ್ಚಗಿದ್ದಳು.

ಕೆಂಪಗೆ ಇದ್ದಳು. ತಲೆ ತುಂಬ ಕೂದಲು, ಒದ್ದೆಯಾಗಿ ಹಣೆಗೆ ಅಂಟಿತ್ತು, ನಾನು ಸೆರಗಿನಿಂದ ಒರೆಸಿದೆ. ಹಣೆ ನಿನ್ನದು, ಅಗಲ. ಮೂಗಿನ ತುದಿ ಶಿವರಾಜನ ಹಾಗೆ ಚೂರು ಮೇಲಕ್ಕೆ. ಕಣ್ಣು ಮುಚ್ಚಿತ್ತು. ಹುಬ್ಬು ಇನ್ನೂ ಬಂದಿರಲಿಲ್ಲ, ರೆಪ್ಪೆಗೂದಲು ಬಂದಿತ್ತು. ಎಡಗಿವಿಯ ಮೇಲುಭಾಗ ಮಡಿಚಿಕೊಂಡಿತ್ತು, ಬೆರಳಲ್ಲಿ ಸರಿ ಮಾಡಿದೆ, ಮತ್ತೆ ಮಡಿಚಿಕೊಂಡಿತು. ಉಗುರುಗಳು ಇದ್ದವು. ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ, ನಿನ್ನ ಹಾಗೆ. ಮೈಮೇಲೆ ಎಲ್ಲೂ ಗಾಯ ಇರಲಿಲ್ಲ. ಮುಖದಲ್ಲಿ ನೋವು ಪಟ್ಟ ಹಾಗೆ ಏನೂ ಕಾಣಲಿಲ್ಲ. ಇದನ್ನು ನಿನ್ನ ಸಮಾಧಾನಕ್ಕೆ ಬರೆಯುತ್ತಿಲ್ಲ, ಕಂಡದ್ದು ಬರೆದಿದ್ದೇನೆ. ಚೆಲುವೆ ಶಾಲಿನಿ, ನಿನ್ನ ಮಗಳು ಚೆಲುವೆ.

ಕಾಗದಪತ್ರ ಆಗುವವರೆಗೆ ನನ್ನ ತೊಡೆಯ ಮೇಲೇ ಇದ್ದಳು. ನಲವತ್ತು ನಿಮಿಷ ಇರಬಹುದು. ನರ್ಸಮ್ಮ ಎರಡು ಸಲ ಬಂದು ಟ್ರೇಯಲ್ಲಿ ಮಲಗಿಸಿ ಎಂದರು. ನಾನು ಕೊಡಲಿಲ್ಲ.

ಅಲ್ಲಿಂದ ಮಣ್ಣಿಗೆ ಹೋಗುವವರೆಗೆ ಶಿವರಾಜ ಎತ್ತಿಕೊಂಡಿದ್ದ. ನಿನ್ನ ಮಾವ ಕೇಳಿದರೂ ಕೊಡಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಅವಳ ಮುಖದ ಹತ್ತಿರ ಬಗ್ಗಿಕೊಂಡು ದಾರಿಯುದ್ದಕ್ಕೂ ಅವಳಿಗೆ ಏನೋ ಹೇಳುತ್ತಲೇ ಇದ್ದ. ಮುಂದೆ ಕೂತಿದ್ದ ನನಗೆ ಕೇಳಿಸಲಿಲ್ಲ. ಏನು ಹೇಳಿದ ಎಂದು ಇದುವರೆಗೆ ಅವನನ್ನು ಯಾರೂ ಕೇಳಿಲ್ಲ. ನೀನು ಕೇಳು.

ಅಕ್ಕಯಮ್ಮ